ನಿಷ್ಠೆಯೂ ಪರಮತಗೌರವವೂ: ಒಂದು ಗ್ರಂಥಪರೀಕ್ಷೆಯ ವಿಚಾರ

ಅಜ್ಜಂಪುರ, ತರೀಕೆರೆ, ಕಡೂರುಗಳ ಕಡೆ ಮುಂಜಾನೆ ಇಷ್ಟಲಿಂಗಪೂಜೆಯನ್ನು ಪೂರೈಸಿ ಸಂತೆಗೆ ಹೊರಟ ಭಕ್ತನು ಅಲ್ಲಿ ನಾನಾ ಮತಸ್ಥರೊಡನೆ ವ್ಯವಹರಿಸುತ್ತಾನೆ. ಅವರ ದೇವರ ವಿಷಯದಲ್ಲಿ ಅವನಿಗೆ ತಿರಸ್ಕಾರವಿಲ್ಲ. ತನ್ನ ಲಿಂಗನಿಷ್ಠೆಯಲ್ಲಿ ಸಡಿಲವೂ ಇಲ್ಲ. ಬಾಳಿನಲ್ಲಿ ಇಷ್ಟು ಸಹಜವಾದ ಸಂಗತಿಯು ಶಾಸ್ತ್ರದ ಮಾತಿಗೆ ಇಳಿದೊಡನೆ ಕಠಿಣವಾಗುತ್ತದೆ. ತನ್ನ ಮಾರ್ಗವೇ ಪರಿಪೂರ್ಣವೆಂದು ನಂಬಿದವನು ಅನ್ಯಮಾರ್ಗವೂ ದೇವರೇ ಇಟ್ಟ ದಾರಿಯೆಂದು ಹೇಳಬಹುದೇ? ಈ ಪ್ರಶ್ನೆಗೆ ಉತ್ತರವನ್ನರಸಿದ ಕಥೋಲಿಕ ವಿದ್ವಾಂಸರೊಬ್ಬರ ಗ್ರಂಥವನ್ನು ಅವರ ಧರ್ಮಸಭೆಯೇ ಪರೀಕ್ಷೆಗೆ ಒಳಪಡಿಸಿದ ವೃತ್ತಾಂತವು ನಮಗೂ ಮನನಯೋಗ್ಯವಾಗಿದೆ.

ಆ ವಿದ್ವಾಂಸರು ಫಾದರ್ ಜಾಕ್ ದುಪ್ವಿ. ೧೯೨೩ರಲ್ಲಿ ಬೆಲ್ಜಿಯಂ ದೇಶದಲ್ಲಿ ಜನಿಸಿ ಯೇಸುಸಭೆಯನ್ನು ಸೇರಿದ ಇವರು ೧೯೪೮ರಲ್ಲಿ ಭಾರತಕ್ಕೆ ಬಂದರು; ಕರ್ಸಿಯಾಂಗ್ ಮತ್ತು ದೆಹಲಿಗಳಲ್ಲಿ ದೈವಶಾಸ್ತ್ರವನ್ನು ಬೋಧಿಸಿದರು. ೩೬ ವರ್ಷಗಳ ತರುವಾಯ, ೧೯೮೪ರಲ್ಲಿ, ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅನ್ಯಧರ್ಮಗಳ ಸತ್ತ್ವವನ್ನು ಅವರು ಕೇವಲ ಪುಸ್ತಕಗಳಿಂದ ಕಂಡವರಲ್ಲ. ಈ ನೆಲದ ಜನರ ನಡುವೆ ಬಾಳಿ ಕಂಡವರು.

ಈ ಜಿಜ್ಞಾಸೆಯು ಕರ್ನಾಟಕಕ್ಕೂ ಹೊಸದಾಗಿರಲಿಲ್ಲ. ಅನ್ಯಧರ್ಮಗಳಲ್ಲಿನ ಸತ್ಯವನ್ನೂ ಪಾವಿತ್ರ್ಯವನ್ನೂ ತಾನು ನಿರಾಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಸಾರಿದ್ದಿತು. ಆ ಬೆಳಕಿನಲ್ಲಿ ೧೯೭೪ರ ಡಿಸೆಂಬರಿನಲ್ಲಿ, ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಪೂಜಾವಿಧಿ ಕೇಂದ್ರದಲ್ಲಿ, ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಬೈಬಲೇತರ ಧರ್ಮಗ್ರಂಥಗಳನ್ನು ಕುರಿತು ವಿಚಾರಸಂಕಿರಣವು ಜರುಗಿತು. ಭಾರತೀಯ ಶಾಸ್ತ್ರಗಳನ್ನೂ ದೈವಪ್ರೇರಿತವೆನ್ನಬಹುದೇ, ಕ್ರೈಸ್ತರ ಪೂಜೆಯಲ್ಲಿ ಅವುಗಳನ್ನು ಪಠಿಸಬಹುದೇ ಎಂಬುದು ಅಲ್ಲಿಯ ಚರ್ಚೆ. ಮರುವರ್ಷವೇ ರೋಮಿನಿಂದ ಪತ್ರ ಬಂದು ಪೂಜೆಯಲ್ಲಿ ಅಂಥ ಪಠನವು ನಿಷೇಧಕ್ಕೊಳಗಾಯಿತು. ಪ್ರಶ್ನೆಯು ಮಾತ್ರ ಉಳಿಯಿತು.

ಅದೇ ಪ್ರಶ್ನೆಯನ್ನು ದುಪ್ವಿಯವರು ೧೯೯೭ರಲ್ಲಿ ಪ್ರಕಟವಾದ, ಧರ್ಮಬಹುತ್ವವನ್ನು ಕುರಿತ ತಮ್ಮ ಬೃಹದ್ಗ್ರಂಥದಲ್ಲಿ ಮತ್ತೆ ಎತ್ತಿಕೊಂಡರು. ಕ್ರಿಸ್ತನೇ ಲೋಕರಕ್ಷಕನೆಂಬ ವಿಶ್ವಾಸವನ್ನು ಅವರು ಕೈಬಿಡಲಿಲ್ಲ. ಆದರೆ ದೇವರ ವಾಕ್ಕೂ ಪವಿತ್ರಾತ್ಮವೂ ಧರ್ಮಸಭೆಯ ಎಲ್ಲೆಯಾಚೆಗೂ ಕಾರ್ಯವೆಸಗುತ್ತವೆ; ಆದುದರಿಂದ ಜಗತ್ತಿನ ಅನೇಕ ಧರ್ಮಗಳು ಚರಿತ್ರೆಯ ಆಕಸ್ಮಿಕಗಳಲ್ಲ, ದೈವಸಂಕಲ್ಪದಲ್ಲಿಯೇ ಅವುಗಳಿಗೆ ಸ್ಥಾನವುಂಟು ಎಂದು ಪ್ರತಿಪಾದಿಸಿದರು.

ರೋಮಿನ ವಿಶ್ವಾಸಸಿದ್ಧಾಂತ ಮಂಡಳಿಗೆ ಇದರಿಂದ ಶಂಕೆಯುಂಟಾಯಿತು. ಅನ್ಯಮಾರ್ಗಗಳೂ ತಾವಾಗಿಯೇ ಮುಕ್ತಿಪ್ರದವಾದರೆ ಕ್ರಿಸ್ತನ ಅದ್ವಿತೀಯತೆಗೆ ಏನರ್ಥ? ಈ ಶಂಕೆಯನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಷಟ್‌ಸ್ಥಲದಲ್ಲಿ ಮಹೇಶಸ್ಥಲದ ಲಕ್ಷಣವೇ ನಿಷ್ಠಾಭಕ್ತಿಯೆಂಬುದನ್ನು ಬಲ್ಲ ನಮ್ಮವರಿಗೆ, ನಿಷ್ಠೆಯು ಸಡಿಲವಾದೀತೆಂಬ ಅಂಜಿಕೆಯ ಮೂಲವು ಸುಲಭವಾಗಿ ತಿಳಿಯುವಂಥದು. ಪರೀಕ್ಷಿಸುವ ಅಧಿಕಾರವು ಪ್ರತಿಯೊಂದು ಪರಂಪರೆಗೂ ಉಂಟು. ವಿಚಾರಾರ್ಹವಾದುದು ಪರೀಕ್ಷಿಸುವ ಬಗೆ.

ಆ ಬಗೆಯೆಂತಿತ್ತು? ಗ್ರಂಥದ ಪರಿಶೀಲನೆಯು ಮೊದಲು ಗ್ರಂಥಕರ್ತರ ಅರಿವಿಗೆ ಬಾರದಂತೆಯೇ ನಡೆಯಿತು. ೧೯೯೮ರ ಅಕ್ಟೋಬರಿನಲ್ಲಿ ಆಕ್ಷೇಪಗಳು ಅವರ ಕೈಸೇರಿದವು. ೭೫ರ ಹೊಸ್ತಿಲಲ್ಲಿದ್ದ ಅವರು ಪಾಠಪ್ರವಚನವನ್ನು ನಿಲ್ಲಿಸಬೇಕಾಯಿತು. ಬಳಿಕ ಲಿಖಿತ ಪ್ರಶ್ನೆಗಳು, ಸುದೀರ್ಘ ಲಿಖಿತ ಉತ್ತರಗಳು. ವಿಯೆನ್ನಾದ ವೃದ್ಧ ಕಾರ್ಡಿನಲ್ ಫ್ರಾನ್ಸ್ ಕೋನಿಗ್ ಬಹಿರಂಗವಾಗಿ ಅವರ ಪರ ನಿಂತರು. ಮಂಡಳಿಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟ್) ಅವರೊಡನೆ ಮುಖಾಮುಖಿ ಮಾತುಕತೆಯು ನಡೆದುದು ೨೦೦೦ದ ಸೆಪ್ಟೆಂಬರ್ ೪ರಂದು, ಎಂದರೆ ಸುಮಾರು ಎರಡು ವರ್ಷಗಳ ತರುವಾಯ. ಕ್ರಿಸ್ತನ ಏಕಮಾತ್ರ ರಕ್ಷಕತ್ವವನ್ನು ಸಾರುವ ‘ದೋಮಿನುಸ್ ಯೇಸುಸ್’ ಎಂಬ ಘೋಷಣೆಯು ಹೊರಬಿದ್ದುದು ಅದರ ಮರುದಿನವೇ.

ಮುಖಾಮುಖಿಗೆ ಮೊದಲು ಸಿದ್ಧವಾಗಿದ್ದ ಕರಡಿನಲ್ಲಿ ಗಂಭೀರ ದೋಷಗಳ ಆರೋಪವಿದ್ದಿತು. ೨೦೦೧ರ ಫೆಬ್ರವರಿಯಲ್ಲಿ ಪ್ರಕಟವಾದ ಅಂತಿಮ ಸೂಚನಾಪತ್ರದಲ್ಲಾದರೋ, ಓದುಗರನ್ನು ತಪ್ಪು ಅಭಿಪ್ರಾಯಕ್ಕೆ ಒಯ್ಯಬಹುದಾದ ಸಂದಿಗ್ಧತೆಗಳಿವೆ ಎಂದಷ್ಟೇ ಉಳಿಯಿತು. ಅನ್ಯಧರ್ಮಗಳಲ್ಲಿ ಸತ್ಯದ ಬೀಜಗಳಿವೆಯೆಂಬುದನ್ನು ಪತ್ರವು ಒಪ್ಪಿತು. ಆ ಧರ್ಮಗಳು ತಾವಾಗಿಯೇ ಮುಕ್ತಿಮಾರ್ಗಗಳೆಂಬುದನ್ನು ಒಪ್ಪಲಿಲ್ಲ. ಲೇಖಕರಿಗೆ ಶಿಕ್ಷೆಯಾಗಲಿಲ್ಲ, ಅವರು ಸಹಿ ಹಾಕಿದರು. ೨೦೦೪ರ ಡಿಸೆಂಬರ್ ೨೮ರಂದು ತೀರಿಕೊಂಡರು. ಕಾಗದಗಳ ವಿನಿಮಯದಿಂದ ಬಗೆಹರಿಯದ ತೊಡಕು ಎದುರುಬದುರಿನ ಮಾತಿನ ಬಳಿಕ ಇಷ್ಟಾದರೂ ಸಡಿಲವಾದುದನ್ನು ವಾಚಕರು ಗಮನಿಸಬೇಕು.

ಇದೆಲ್ಲ ಪರರ ಮನೆಯ ಮಾತೆಂದು ನಾವು ನಿರಾಳವಾಗಿರುವಂತಿಲ್ಲ. ದಿವಂಗತ ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿನ ಕೆಲವು ಅಭಿಪ್ರಾಯಗಳನ್ನು ೧೯೮೯ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಗಿ ಬಂದುದು ನಮ್ಮ ಸಮಾಜದಲ್ಲಿಯೇ. ಆ ಅಭಿಪ್ರಾಯಗಳ ಗುಣದೋಷವಿಮರ್ಶೆ ಇಲ್ಲಿ ಪ್ರಸ್ತುತವಲ್ಲ. ಆದರೆ ಮಾತನ್ನು ಹಿಂತೆಗೆಸಿದ ಮಾತ್ರಕ್ಕೆ ಪ್ರಶ್ನೆಗೆ ಉತ್ತರವಿತ್ತಂತಾಗುವುದಿಲ್ಲ. ಪ್ರಮಾಣಕ್ಕೆ ಪ್ರತಿಪ್ರಮಾಣವನ್ನು ಮುಂದಿಡುವುದೇ ವಿದ್ವನ್ಮಾರ್ಗ.

ಈ ಮಾರ್ಗದ ಆದರ್ಶವನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಪರೀಕ್ಷಿಸುವ ಪ್ರಸಂಗವು ಸುಪ್ರಸಿದ್ಧ. ಅಲ್ಲಿಯ ಪ್ರಶ್ನೆಗಳಲ್ಲಿ ದಾಕ್ಷಿಣ್ಯವೆಂಬುದು ಎಳ್ಳಷ್ಟೂ ಇಲ್ಲ. ಆದರೆ ಕೇಳುವವನು ಎದುರಿಗಿದ್ದಾನೆ, ಉತ್ತರಿಸುವವಳಿಗೆ ತನ್ನ ಮಾತಿನಲ್ಲಿಯೇ ಉತ್ತರಿಸುವ ಅವಕಾಶವಿದೆ, ಶರಣಗಣವೆಲ್ಲವೂ ಕೇಳುತ್ತಿದೆ. ಕೊನೆಯಲ್ಲಿ ಪರೀಕ್ಷಿಸಿದವನೇ ಆಕೆಯ ನಿಲವನ್ನು ಕೊಂಡಾಡುತ್ತಾನೆ. ನಿಷ್ಠೆಯು ಕುಂದಲಿಲ್ಲ, ಪ್ರಶ್ನೆಯೂ ಅಡಗಲಿಲ್ಲ. ಅನುಭವಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು ನಮ್ಮ ವಿದ್ವಾಂಸರನ್ನು ಪ್ರಶ್ನಿಸುವಾಗಲೂ ಈ ಪೀಠಮರ್ಯಾದೆಯನ್ನು ಉಳಿಸಿಕೊಳ್ಳುವುದು ಕರ್ತವ್ಯವಾಗಿದೆ.