ಸ್ಮಾರ್ಟ್‌ಫೋನ್ ಮತ್ತು ಮುಖಾಮುಖಿ ಸಂಭಾಷಣೆ

ಮುಖಾಮುಖಿ ಸಂಭಾಷಣೆಯಲ್ಲಿ ಮಾತಿನಷ್ಟೇ ನೋಟ, ಮುಖಭಾವ ಹಾಗೂ ಧ್ವನಿಯ ಏರಿಳಿತಗಳೂ ಅರ್ಥವನ್ನು ತಿಳಿಸುತ್ತವೆ. ಕೇಳುವವರ ದೃಷ್ಟಿ ಸ್ಮಾರ್ಟ್‌ಫೋನಿನತ್ತ ಹೊರಳಿದರೆ ಈ ಸೂಚನೆಗಳು ತಪ್ಪಿಹೋಗಿ, ಮಾತನಾಡುವವರಲ್ಲಿ ತಾವು ಉಪೇಕ್ಷಿತರೆಂಬ ಭಾವನೆ ಮೂಡುತ್ತದೆ. ಎದುರಿಗಿರುವವರನ್ನು ಕಡೆಗಣಿಸಿ ಫೋನ್ ನೋಡುವ ಈ ವರ್ತನೆಗೆ 2012ರಲ್ಲಿ ಆಸ್ಟ್ರೇಲಿಯಾದಲ್ಲಿ ‘ಫಬ್ಬಿಂಗ್’ ಎಂಬ ಪದವನ್ನು ರೂಪಿಸಲಾಯಿತು.

ಸಂಭಾಷಣೆಗೆ ಉಭಯರ ಗಮನವೂ ಅಗತ್ಯವಾದುದರಿಂದ ಒಬ್ಬರು ಮಾತ್ರ ಫೋನ್ ಬದಿಗಿಟ್ಟರೆ ಸಾಲದು. ಆದ್ದರಿಂದ ಕೆಲವು ಗ್ರಾಮಗಳು ಸಾಮೂಹಿಕ ನಿಯಮವನ್ನು ಅನುಸರಿಸಿವೆ. ವಿಜಯಪುರ ಜಿಲ್ಲೆಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲಿ, ಸಂಜೆ 7ಕ್ಕೆ ದೇವಾಲಯದ ಸೈರನ್ ಮೊಳಗಿದೊಡನೆ ಒಂದೂವರೆ ಗಂಟೆ ಕಾಲ ಮೊಬೈಲ್, ಟಿವಿ ಸ್ಥಗಿತಗೊಳಿಸುವ ಪದ್ಧತಿ ಆರಂಭವಾಯಿತು. ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮವು ಇಂಥದೇ ಪದ್ಧತಿಯನ್ನು ಸಂಜೆ 7ರಿಂದ 9ರವರೆಗೆ ಜಾರಿಗೆ ತಂದಿತು. ಮಕ್ಕಳ ವ್ಯಾಸಂಗ ಹಾಗೂ ಮನೆಮಂದಿಯ ಮಾತುಕತೆಗೆ ಅವಕಾಶ ಕಲ್ಪಿಸುವುದು ಇದರ ಉದ್ದೇಶವಾಗಿದೆ.