ಕಾಲೇಜು ಮ್ಯಾಗಝೀನಿನ ಮುಖಪುಟ ಯಾರನ್ನು ನೋಡಿ ಮಾತಾಡತ್ತೆ?

ಇವತ್ತಿನ ವಿಷಯ ಶಾಲೆ-ಕಾಲೇಜು ಮ್ಯಾಗಝೀನ್‌ಗಳ ಮುಖಪುಟ. ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ಐಟಿಯಲ್ಲಿದ್ದೀರಿ ಅಂತ ಕನ್ನಡ ಸಂಘದವರಿಗೆ ಗೊತ್ತಾದ್ರೆ ಸಾಕು, "ಮಕ್ಕಳ ಸಂಚಿಕೆಗೆ ಒಂದು ಕವರ್ ಮಾಡಿಕೊಡಿ ಸಾರ್, ನಿಮಗೆ ಹತ್ತು ನಿಮಿಷದ ಕೆಲಸ" ಅಂತಾರೆ. ಆ ಹತ್ತು ನಿಮಿಷಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮುಖಪುಟ ಯಾರ ಮನಸ್ಸು ಗೆಲ್ಲಬೇಕು?

ಈ ಪ್ರಶ್ನೆ ನಮಗೆ ಹೊಸದಲ್ಲ. ಆಫೀಸಿನ ಟೈಮ್‌ಶೀಟ್ ಸಾಫ್ಟ್‌ವೇರ್ ನೆನಪಿಸಿಕೊಳ್ಳಿ. ದಿನಾ ಬಳಸೋರು ನಾವು, ಕೊಳ್ಳೋಕೆ ಸಹಿ ಹಾಕೋರು ಮೇಲಿನವರು. ಹಾಗಾಗಿ ಮ್ಯಾನೇಜರ್ ನೋಡುವ ರಿಪೋರ್ಟ್ ಬಣ್ಣಬಣ್ಣವಾಗಿರತ್ತೆ, ನಾವು ಗಂಟೆ ತುಂಬುವ ಪುಟ ಮಾತ್ರ ತಲೆನೋವು. ಪತ್ರಿಕೆಯಲ್ಲೂ ಇದೇ ಲೆಕ್ಕ. ಯಾರ 'ಹೂಂ' ಬೇಕೋ, ಮುಖಪುಟ ಅವರ ಕಡೆಗೆ ತಿರುಗತ್ತೆ.

ಮೊದಲು ಅಂಗಡಿಯಲ್ಲಿ ಮಾರಾಟವಾಗುವ ಪತ್ರಿಕೆಗಳನ್ನು ನೋಡೋಣ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಪತ್ರಿಕೆಗಳನ್ನು ಸಾಲಾಗಿ ನೇತುಹಾಕಿರ್ತಾರೆ. ಒಂದರ ಮೇಲೊಂದು ಬಿದ್ದು, ಎಷ್ಟೋ ಸಲ ಮೇಲಿನ ಭಾಗ ಮಾತ್ರ ಕಾಣತ್ತೆ. ಪತ್ರಿಕೆಯ ಹೆಸರು ಮೇಲೆ, ದಪ್ಪ ಅಕ್ಷರದಲ್ಲಿ ಇರೋದು ಇಂಥ ಕಾರಣಕ್ಕೇ. ಬಸ್ ಹೊರಡೋದ್ರೊಳಗೆ ಕಣ್ಣಿಗೆ ಬೀಳಬೇಕು.

'ಚಂದಮಾಮ' ತಗೊಳ್ಳಿ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ, ಆಮೇಲೆ ವಡ್ಡಾದಿ ಪಾಪಯ್ಯ ಮುಂತಾದ ಕಲಾವಿದರು ಅದರ ಮುಖಪುಟಗಳನ್ನು ಬರೆದರು. ಪುಟದ ತುಂಬಾ ಚಿತ್ರ, ಮೇಲೆ ಪತ್ರಿಕೆಯ ಹೆಸರು, ಬೇರೆ ಬರಹ ತೀರಾ ಕಡಿಮೆ. ಓದೋಕೆ ಬಾರದ ಮಗು ಕೂಡ ಆ ಚಿತ್ರ ನೋಡಿ "ಇದು ಬೇಕು" ಅಂತ ಹಟ ಮಾಡಬಹುದು. ಅದು ಪುರಾಣದ ದೃಶ್ಯವಾದ್ರೆ, ದುಡ್ಡು ಕೊಡುವ ಅಪ್ಪನಿಗೂ "ಒಳ್ಳೇದೇ ಓದ್ತಾನೆ" ಅಂತ ಸಮಾಧಾನ. ಒಂದೇ ಚಿತ್ರ, ಇಬ್ಬರು ಗಿರಾಕಿಗಳು.

ಕಾಲೇಜು ವಯಸ್ಸಿಗೆ ಬಂದ್ರೆ 'ಕಾಂಪಿಟಿಷನ್ ಸಕ್ಸಸ್ ರಿವ್ಯೂ'. ಅದರ ಮುಖಪುಟದಲ್ಲಿ ಐಎಎಸ್ ಟಾಪರ್ ಒಬ್ಬರು ನೇರವಾಗಿ ನಮ್ಮನ್ನೇ ನೋಡಿ ನಗ್ತಿದ್ದ ಸಂಚಿಕೆಗಳು ನಿಮಗೆ ನೆನಪಿರಬಹುದು. ಅವರು ಸಿನಿಮಾ ನಟರಲ್ಲ. ನಿನ್ನೆವರೆಗೆ ನಮ್ಮ ಹಾಗೇ ಹಾಸ್ಟೆಲ್ ರೂಮಿನಲ್ಲಿ ಕೂತು ಓದಿದವರು. ಪಿಯುಸಿ, ಡಿಗ್ರಿ ಹುಡುಗ ಅಲ್ಲಿ ಕಾಣೋದು ಎರಡು ವರ್ಷ ಆದ್ಮೇಲಿನ ತನ್ನನ್ನೇ.

ಈಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬನ್ನಿ. ಮುಖಪುಟದಲ್ಲಿ ಏನಿರತ್ತೆ? ಬಹಳಷ್ಟು ಕಡೆ ಕಾಲೇಜು ಕಟ್ಟಡ, ನೀಲಿ ಆಕಾಶ, ಒಂದು ಮೂಲೆಯಲ್ಲಿ ಲಾಂಛನ, ಇನ್ನೊಂದು ಮೂಲೆಯಲ್ಲಿ ಸರಸ್ವತಿ ಅಥವಾ ಸಂಸ್ಥಾಪಕರು. ದಿನಾ ಬೆಳಿಗ್ಗೆ ಅದೇ ಕಟ್ಟಡದೊಳಗೆ ನಡೆದು ಬರುವ ವಿದ್ಯಾರ್ಥಿಗೆ ಅದರ ಫೋಟೋದಲ್ಲಿ ಹೊಸದೇನು ಸಿಗತ್ತೆ?

ಕಾರಣ ಹುಡುಕೋದು ಕಷ್ಟ ಇಲ್ಲ. ಈ ಸಂಚಿಕೆ ಹಗ್ಗಕ್ಕೆ ನೇತಾಡೋದಿಲ್ಲ. ಅನೇಕ ಕಡೆ ಮ್ಯಾಗಝೀನ್ ಫೀಸ್ ಅಂತ ಅಡ್ಮಿಷನ್ ದಿನವೇ ಕಟ್ಟಿಸಿಕೊಂಡಿರ್ತಾರೆ. ವಿದ್ಯಾರ್ಥಿ ಇಷ್ಟಪಟ್ಟರೂ ಬಿಟ್ಟರೂ ಪ್ರತಿ ಕೈಗೆ ಬರತ್ತೆ. ಅಂದ್ಮೇಲೆ ಯಾರ 'ಹೂಂ' ಬೇಕು? ಪ್ರಿನ್ಸಿಪಾಲರದ್ದು, ಆಡಳಿತ ಮಂಡಳಿಯದ್ದು, ತಪಾಸಣೆಗೆ ಬರುವ ತಂಡದ್ದು. ಎಂಜಿನಿಯರಿಂಗ್ ಓದಿದವರಿಗೆ ಎನ್‌ಬಿಎ ಗೊತ್ತಲ್ಲ? 2015ರಲ್ಲಿ ಬಂದ ಅದರ ಸ್ವಮೌಲ್ಯಮಾಪನ ನಮೂನೆಯಲ್ಲಿ ಒಟ್ಟು 1000 ಅಂಕ. ಅದರಲ್ಲಿ 5 ಅಂಕ ಡಿಪಾರ್ಟ್‌ಮೆಂಟಿನ ತಾಂತ್ರಿಕ ಮ್ಯಾಗಝೀನ್, ನ್ಯೂಸ್‌ಲೆಟರ್ ಇತ್ಯಾದಿಗಳಿಗೆ. ಪ್ರಕಟಣೆ ಬಂದಿದೆ ಅಂತ ತೋರಿಸೋಕೆ ಫೈಲಿನಲ್ಲಿ ಪ್ರತಿ ಇರಬೇಕು. ಫೈಲಿಗೆ ಕಟ್ಟಡದ ಚಿತ್ರ ಚೆನ್ನಾಗೇ ಒಪ್ಪತ್ತೆ.

ಇದರಿಂದ ಯಾರಿಗೆ ನಷ್ಟ ಅಂದ್ರೆ, ಒಳಗೆ ಬರೆದವರಿಗೆ. ಮೊದಲ ಸಲ ಕವಿತೆ ಕೊಟ್ಟ ಹುಡುಗಿ, ಹಳ್ಳಿಯ ಕೆರೆ ಬಗ್ಗೆ ಎರಡು ಪುಟ ಬರೆದ ಹುಡುಗ. ತಮ್ಮ ಹೆಸರನ್ನು ಮೊದಲ ಬಾರಿ ಅಚ್ಚಿನಲ್ಲಿ ನೋಡೋದು ಅಲ್ಲೇ. ಆದ್ರೆ ಪಕ್ಕದ ಬೆಂಚಿನವನು ತನ್ನ ಫೋಟೋ ಇರುವ ಪುಟ ನೋಡಿ ಮುಚ್ಚಿಡ್ತಾನೆ. ಒಳಗೆ ಅವನ ಗೆಳೆಯರೇ ಬರೆದಿದ್ದಾರೆ ಅಂತ ಹೇಳುವ ಒಂದು ಸಾಲೂ ಹೊರಗಡೆ ಇಲ್ಲ.

ಸರಿಪಡಿಸೋಕೆ ದುಡ್ಡೇನೂ ಬೇಡ. ಮೂರು ಕೆಲಸ ಸಾಕು. ಒಂದು, ಕಟ್ಟಡದ ಜಾಗಕ್ಕೆ ಮುಖ ಬರಲಿ, ಕ್ಯಾಮೆರಾ ನೋಡ್ತಿರುವ ವಿದ್ಯಾರ್ಥಿಗಳ ಮುಖ. ಕಟ್ಟಡ ಹಿಂಬದಿ ರಟ್ಟಿಗೆ ಹೋಗಲಿ, ಪ್ರಿನ್ಸಿಪಾಲರಿಗೂ ಬೇಜಾರಾಗಲ್ಲ. ಎರಡು, ಒಳಗಿನ ಮೂರು ಬರಹಗಳ ಶೀರ್ಷಿಕೆ, ಬರೆದವರ ಹೆಸರು, ತರಗತಿ ಸಮೇತ ಮುಖಪುಟದಲ್ಲಿ ಬರಲಿ. "ಕ್ಯಾಂಟೀನ್ ಭಟ್ಟರ ಜೊತೆ ಒಂದು ದಿನ, ಪುಟ 14" ಅಂತ ಇದ್ರೆ ಯಾರಾದ್ರೂ ತೆರೆಯದೆ ಇರ್ತಾರಾ? ಮೂರು, ಅಚ್ಚಿಗೆ ಹೋಗೋ ಮುಂಚೆ ಇಬ್ಬರು ವಿದ್ಯಾರ್ಥಿಗಳಿಗೆ ತೋರಿಸಿ, "ಒಳಗೆ ಏನಿರಬಹುದು?" ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಬದಲಾಯಿಸಿ. ನಾವು ರಿಲೀಸಿಗೆ ಮುಂಚೆ ಟೆಸ್ಟ್ ಮಾಡಲ್ವಾ, ಹಾಗೇ.

ಹೊರನಾಡಿನ ನಮ್ಮ ಮಕ್ಕಳ ಸಂಚಿಕೆಗೆ ಇನ್ನೊಂದು ಮಾತು ಸೇರಿಸಬೇಕು. ದೆಹಲಿಯಲ್ಲಿ ಕನ್ನಡ ಶಾಲೆ ಇದೆ, ಮುಂಬೈ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಶಾಲೆ ನಡೆಸತ್ತೆ. ಉಳಿದ ಎಷ್ಟೋ ಮಕ್ಕಳು ಕನ್ನಡ ಕಲಿಯೋದು ಭಾನುವಾರದ ತರಗತಿಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿದ್ರೂ, ಓದುವಾಗ ಅಕ್ಷರ ಅಕ್ಷರ ಕೂಡಿಸ್ತಾರೆ. ಅಂಥ ಮಗುವಿನ ಕೈಗೆ 'ಜ್ಞಾನಜ್ಯೋತ್ಸ್ನಾ' ಅಂತ ಬಳ್ಳಿ ಸುತ್ತಿದ ಅಕ್ಷರದ ಮುಖಪುಟ ಕೊಟ್ರೆ, ಒತ್ತಕ್ಷರ ನೋಡಿಯೇ ಅದು ಹಿಂದೆ ಸರಿಯತ್ತೆ. ಹೆಸರು 'ಗಿಳಿ' ಅಂತಿರಲಿ, 'ನಮ್ಮ ಮನೆ' ಅಂತಿರಲಿ. ಅಕ್ಷರ ದುಂಡಗೆ, ದೊಡ್ಡದಾಗಿ ಇರಲಿ. ಮುಖಪುಟವನ್ನು ತಾನೇ ಪೂರ್ತಿ ಓದಿದ ಮಗು, "ಅಮ್ಮಾ, ನಾನೇ ಓದಿದೆ" ಅಂತ ಮುಂದಿನ ಪುಟ ತಿರುಗಿಸತ್ತೆ.

ಸಂಘದ ಹಿರಿಯರು "ಅಧ್ಯಕ್ಷರ ಫೋಟೋ ಹಾಕಿ" ಅನ್ನಬಹುದು. ಒಳಗೆ ಮೊದಲ ಪುಟದಲ್ಲೇ ಗೌರವವಾಗಿ ಹಾಕೋಣ. ಹೊರಗಿನ ಜಾಗ ಮಾತ್ರ ಮಕ್ಕಳಿಗೆ ಬಿಟ್ಟುಕೊಡಿ ಅಂತ ಕೇಳೋಣ.

ಈ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ನಿಮ್ಮ ಕಾಲೇಜಿನ ಸಂಚಿಕೆ ಸಿಕ್ಕಿದ್ರೆ, ಒಳಗೆ ಯಾರ್ಯಾರು ಬರೆದಿದ್ರು ಅಂತ ಒಮ್ಮೆ ನೋಡಿ. ಅವರಲ್ಲಿ ಒಬ್ಬರಿಗಾದ್ರೂ ಫೋನ್ ಮಾಡಿ, "ನಿಂದು ಓದಿದೆ ಕಣೋ" ಅಂತ ಹೇಳಿ.