ಕೊಡದ ಲೆಕ್ಕ

ನನ್ನ ತಾಯಿ ಬಾವಿಯಿಂದ ನೀರು ಸೇದುವಾಗ ಕೊಡಗಳನ್ನು ಎಣಿಸುತ್ತಿದ್ದರು. ಅಡಿಗೆಗೆ ಎರಡು, ಬಚ್ಚಲಿಗೆ ಆರು, ತುಳಸಿಗೊಂದು ಚೊಂಬು. ಹಗ್ಗವು ಅಂಗೈಯನ್ನು ಸವೆಸುತ್ತಿದ್ದುದರಿಂದ ಆ ಎಣಿಕೆ ತಪ್ಪುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಮೇಷ್ಟರಾಗಿದ್ದ ನನಗೆ, ನಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕೆಂಬುದು ೨೦೨೪ರ ಬೇಸಗೆಯವರೆಗೆ ತಿಳಿದಿರಲಿಲ್ಲ.

ಆ ಮಾರ್ಚಿಯಲ್ಲಿ ನಮ್ಮ ಕೊಳವೆಬಾವಿ ಬತ್ತಿತು. ಟ್ಯಾಂಕರಿಗಾಗಿ ಬೀದಿಯ ತುದಿಯಲ್ಲಿ ಕಾದು ನಿಂತಾಗ ಈ ಊರಿನ ನೀರಿನ ಚರಿತ್ರೆಯೆಲ್ಲ ನೆನಪಾಯಿತು. ಹಳೆಯ ಪೇಟೆಗೆ ನೀರೂಡಿಸಿದ ಧರ್ಮಾಂಬುಧಿ ಕೆರೆ ಇಂದು ಬಸ್ ನಿಲ್ದಾಣ. ಸಂಪಂಗಿ ಕೆರೆ ಕ್ರೀಡಾಂಗಣ. ೧೮೯೦ರ ದಶಕದಲ್ಲಿ ಹೆಸರಘಟ್ಟದ ನೀರು ಬಂದಿತು. ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಅಣೆಕಟ್ಟು ಕಟ್ಟಿದರು. ಅದೂ ಸಾಲದೆ ೧೯೭೪ರಲ್ಲಿ ಕಾವೇರಿಗೇ ಕೈ ನೀಡಿದೆವು. ಸುಮಾರು ೧೦೦ ಕಿಲೋಮೀಟರು ದೂರದಿಂದ, ಮೂರು ಕಡೆ ಪಂಪುಗಳಿಂದ ಮೇಲೆತ್ತಿ, ನದಿಯನ್ನು ಊರಿಗೆ ಕರೆತರುತ್ತಿದ್ದೇವೆ. ೧೯೦೧ರಲ್ಲಿ ದಂಡೂ ಪೇಟೆಯೂ ಕೂಡಿ ಎರಡು ಲಕ್ಷವಿರದಿದ್ದ ಜನ ೨೦೧೧ರ ಗಣತಿಯಲ್ಲಿ ೮೦ ಲಕ್ಷ ದಾಟಿತ್ತು. ದೇಶವೇ ೧೯೫೧ರ ೩೬ ಕೋಟಿಯಿಂದ ೧೨೧ ಕೋಟಿಗೆ ಏರಿರುವಾಗ ಊರು ಬೆಳೆಯದಿರುತ್ತದೆಯೆ?

ಜನ ಹೆಚ್ಚಿದರು, ನೀರು ಬತ್ತಿತು ಎಂದು ಇಲ್ಲಿಗೇ ನಿಲ್ಲಿಸಿಬಿಟ್ಟರೆ ನನ್ನಂಥವರಿಗೆ ಬಹಳ ಅನುಕೂಲ. ತಪ್ಪೆಲ್ಲ ನಿನ್ನೆ ಮೊನ್ನೆ ಬಂದವರದಾಗುತ್ತದೆ. ಆದರೆ ನಮ್ಮ ಹಿತ್ತಲ ಗೋಡೆಯಾಚೆ, ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬವೊಂದು ತಗಡಿನ ಶೆಡ್ಡಿನಲ್ಲಿತ್ತು. ಐದು ಜನ, ದಿನಕ್ಕೆ ಹತ್ತು ಕೊಡ. ನಾವು ಇಬ್ಬರೇ. ೬೦೦೦ ಲೀಟರಿನ ಟ್ಯಾಂಕರು ನಮಗೆ ಹತ್ತು ದಿನಕ್ಕೆ ಮುಗಿಯಿತು. ಹದಿನೈದು ಲೀಟರಿನ ಕೊಡದಿಂದ ಅಳೆದರೆ ದಿನಕ್ಕೆ ನಲವತ್ತು! ಬಟ್ಟೆ ಒಗೆಯುವ ಯಂತ್ರ, ಒಂದು ಲೋಟ ಶುದ್ಧಿ ಮಾಡಿ ಮೂರು ಲೋಟ ಚರಂಡಿಗೆ ಚೆಲ್ಲುವ ಪೆಟ್ಟಿಗೆ, ಮತ್ತು, ಹೇಳಲು ನಾಚಿಕೆ, ಅಂಗಳದ ಕಾರು. ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ೫೦೦೦ ರೂಪಾಯಿ ದಂಡವೆಂದು ಜಲಮಂಡಳಿ ಸಾರಿದುದು ಆ ತಿಂಗಳಲ್ಲೇ.

ಚೆಲ್ಲಿದ ನೀರು ಮಾಯವಾಗುವುದಿಲ್ಲವಷ್ಟೆ. ನಮ್ಮ ಕಡೆಯ ಕೊಳಚೆ ಬೆಳ್ಳಂದೂರು ಕೆರೆಯ ದಿಕ್ಕಿಗೆ ಹರಿಯುತ್ತದೆ. ೨೦೧೫ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತ್ತು. ನೀರಿನ ಮೇಲೆ ಉರಿ ಎದ್ದಿತೆಂಬ ವಾರ್ತೆಯನ್ನು ಅಂದು ಕಾಫಿ ಕುಡಿಯುತ್ತ ಓದಿದ್ದೆ; ಆ ನೊರೆಯಲ್ಲಿ ನಮ್ಮ ಮನೆಯ ಸಾಬೂನುಪುಡಿಯೂ ಇತ್ತೆಂದು ಹೊಳೆದಿರಲಿಲ್ಲ.

ಟ್ಯಾಂಕರಿನ ಹುಡುಗನನ್ನು ನೀರು ಎಲ್ಲಿಯದೆಂದು ಕೇಳಿದೆ.

"ನಮ್ಮ ತೋಟದ ಬೋರು, ಸಾರ್. ಮೊದಲು ಸೊಪ್ಪು, ಟೊಮೇಟೊ ಹಾಕ್ತಿದ್ವಿ."

"ಈಗ?"

"ಈಗ ನೀರೇ ಮಾರ್ತೀವಿ. ಅದೂ ಇನ್ನೆಷ್ಟು ದಿನವೋ."

ನಾನು ಹಣ ಕೊಟ್ಟು ಗೇಟು ಹಾಕಿಕೊಂಡೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು. ದಿನಕ್ಕೆ ಇನ್ನೂ ೭೭.೫ ಕೋಟಿ ಲೀಟರು ತರಬಲ್ಲ ಯೋಜನೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ನಮ್ಮ ಬಡಾವಣೆಗೂ ಕೊಳಾಯಿ ಬಂದಿದೆ. ತೊಟ್ಟಿ ತುಂಬುತ್ತಿದೆ. ನಾನು ಕೊಡ ಎಣಿಸುವುದನ್ನು ಬಿಟ್ಟು ಬಹಳ ದಿನಗಳಾದುವು.